ಹೆಗಲ ಮೇಲಿನ ಕ್ಲಚ್ ಕೇಬಲ್

ಬೆನ್ನಿನ ಆಪರೇಷನ್ ಆದ ಮೇಲೆ ಡಾಕ್ಟರು ಮೆಕ್ಯಾನಿಕ್‌ಗೆ ಬೈಕ್ ಓಡಿಸುವುದನ್ನು ಬಿಡಿಸಿ, ದಿನಾ ನಡೆಯಲು ಹೇಳಿದ್ದರು. ಒಂಟಿ ಮನುಷ್ಯ, ಬರಿಗೈಯಲ್ಲಿ ನಡೆದರೆ ನಾಯಿಯೂ ಮೂಸಿ ನೋಡುತ್ತಿರಲಿಲ್ಲ. ಅದಕ್ಕೇ ಒಂದು ಸಂಜೆ, ನಿಂತಲ್ಲೇ ನಿಂತಿದ್ದ ತನ್ನ ಬೈಕಿನ ಕ್ಲಚ್ ಕೇಬಲ್ ಬಿಚ್ಚಿ, ಎಣ್ಣೆ ಬಿಟ್ಟು, ಹೆಗಲಿಗೆ ಹಾಕಿಕೊಂಡು ಹೊರಟ. ಕೇಬಲ್ ಹೊತ್ತ ಮೆಕ್ಯಾನಿಕ್ ಎಂದರೆ ಎಲ್ಲೋ ಯಾರದೋ ಗಾಡಿ ಕೈಕೊಟ್ಟಿದೆ ಎಂದೇ ಅರ್ಥ.

ಅಂದುಕೊಂಡಂತೆಯೇ ಟೀ ಅಂಗಡಿಯಾಕೆ ಕೂಗಿದಳು. "ಏನಣ್ಣ, ಯಾರ ಗಾಡಿ ಕೆಟ್ಟಿದೆ?"

ಅವನ ಮುಖ ಅರಳಿತು. "ಅಲ್ಲೇ, ಆ ತಿರುವಿನ ಆಚೆ. ಕ್ಲಚ್ ಕೇಬಲ್ ಕಿತ್ತೋಗಿದೆಯಂತೆ" ಎನ್ನುತ್ತಾ ಬೆಂಚಿನ ಕಡೆ ಬಂದ.

"ಮತ್ತೆ ಇಲ್ಲಿ ಯಾಕೆ ನಿಂತ್ರಿ? ಬೇಗ ಹೋಗಿ, ಪಾಪ, ನಿಮ್ಮನ್ನೇ ಕಾಯ್ತಿರ್ತಾರೆ."

ಸೊಂಟ ಹಿಡಿದುಕೊಂಡು ಅವನು ಬಿರಬಿರನೆ ನಡೆದ. ತಿರುವಿನ ಆಚೆ ರಸ್ತೆ ಖಾಲಿ ಇತ್ತು. ಆದರೂ ಆ ಕಡೆ ಈ ಕಡೆ ಒಮ್ಮೆ ನೋಡಿದ.