ನಾಲ್ಕು ಮತ್ತು ಐದರ ನಡುವಿನ ಚುಕ್ಕಿ

ನನ್ನ ತಮ್ಮನಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚು ಹತ್ತಿದ್ದು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುಬೇಸಿಗೆಯಲ್ಲಿ. ಆಗ ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ಬಾಲದ ಚುಕ್ಕಿಯೊಂದು ಕಾಣುತ್ತಿತ್ತು. ಭಾಲ್ಕಿಯಲ್ಲಿ ನಮ್ಮ ಅತ್ತೆ ಅದು ಮನೆಯೊಳಗೆ ಇಣುಕಬಾರದೆಂದು ಬಾಗಿಲು ಹಾಕಿಸುತ್ತಿದ್ದರು. ಔರಾದದಲ್ಲಿ ಮಾಸ್ತರನಾಗಿದ್ದ ತಮ್ಮನಿಗೆ ಮಾತ್ರ ಅದನ್ನು ಹಿಡಿದಿಡಬೇಕೆಂಬುದೊಂದೇ ಧ್ಯಾನ.

ಅವನ ಹತ್ತಿರ ಕ್ಯಾಮೆರಾ ಇತ್ತು. ಹೈದರಾಬಾದಿಗೆ ವರ್ಗವಾಗಿ ಹೋದ ಸಾಹೇಬರೊಬ್ಬರು ಕೊಟ್ಟುಹೋದ ಮರದ ಪೆಟ್ಟಿಗೆ ಅದು. ಲೆನ್ಸಿಗೆ ಮಾತ್ರ ಬೂಸಲು ಹಿಡಿದಿತ್ತು. ಭಾಲ್ಕಿಯಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಒಬ್ಬ ಮುಸಲ್ಮಾನ ಫೋಟೋಗ್ರಾಫರ್ ಇದ್ದರು. ಚಳಿಗಾಲದ ಕೊನೆಗೆ ತೀರಿಕೊಂಡಿದ್ದರು. ಅವರ ಮನೆಯಲ್ಲಿ ಎರಡು ಲೆನ್ಸು ಉಳಿದಿವೆಯೆಂದು ತಮ್ಮನಿಗೆ ಸುದ್ದಿ ಸಿಕ್ಕಿತು. ಆದರೆ ಅವನು ಹೋಗಿ ಕೇಳುವಂತಿರಲಿಲ್ಲ. ಗಂಡ ತೀರಿದ ಮೇಲೆ ಅವರಲ್ಲಿ ಹೆಂಡತಿ ಕೆಲವು ತಿಂಗಳು ಪರಗಂಡಸರ ಎದುರು ಬರುವುದಿಲ್ಲ. ಅದಕ್ಕೆ ಇದ್ದತ್ತು ಎನ್ನುತ್ತಾರೆ. ಇದ್ದತ್ತು ಮುಗಿದ ಕೂಡಲೇ ಆಕೆ ತವರಿಗೆ, ಹೈದರಾಬಾದಿಗೆ ಹೋಗುವವಳಿದ್ದಳು. ಒಳಗೆ ಹೋಗಿ ಆರಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

"ಅಕ್ಕಾ, ಲಕ್ಷ್ಯ ಇಟ್ಟು ಕೇಳು," ಎಂದ ತಮ್ಮ. "ಲೆನ್ಸಿನ ಕಾಚಿನ ಸುತ್ತ ಅಂಕಿ ಕೆತ್ತಿರ್ತಾರ. ಯಾವುದರ ಅಂಕಿ ಸಣ್ಣದದ ಅದನ್ನೇ ತಗೋ. ಅಂಕಿ ಸಣ್ಣದಿದ್ದಷ್ಟು ಬಾಯಿ ದೊಡ್ಡದಿರ್ತದ."

"ಹಂಗಾದ್ರ ನಿನ್ನ ಬಾಯಿಗಿ ಯಾ ಅಂಕಿ ಕೆತ್ತಬೇಕೋ?"

"ನಗಬ್ಯಾಡ. ಕತ್ತಲಾಗಿನ ಬೆಳಕು ಭಾಳ ಕಡಿಮಿ ಇರ್ತದ. ಬಾಯಿ ದೊಡ್ಡದಿದ್ರ ಗಬಕ್ಕನ ನುಂಗ್ತದ. ಸಣ್ಣದಿದ್ರ ಭಾಳ ಹೊತ್ತು ತೆರೆದಿಡಬೇಕು. ಅಷ್ಟರಾಗ ಆಕಾಶ ಸರದು ಚುಕ್ಕಿ ಹೋಗಿ ಗೆರಿ ಆಗ್ತದ."

ಅವನಿಗೆ ಮೊದಲ ಅಂಕಿಗಳನ್ನು ಕಲಿಸಿದವಳು ನಾನೇ. ಬೀದರದ ಮೈಲೂರಿನಲ್ಲಿ ನಾವು ಸಣ್ಣವರಿದ್ದಾಗ ನೆರೆಮನೆಯ ಬೀಬಿ ತನ್ನ ಹೆಣ್ಣುಮಕ್ಕಳ ಜೊತೆ ನನ್ನನ್ನೂ ಕೂರಿಸಿಕೊಂಡು ಉರ್ದು ಓದಿಸುತ್ತಿದ್ದಳು. ನನ್ನ ಓದು ಅಷ್ಟೇ. ಅಲ್ಲಿ ಕಲಿತದ್ದನ್ನು ಸಂಜೆ ತಮ್ಮನಿಗೆ ನೆಲದ ಮೇಲೆ ಬರೆದು ತೋರಿಸುತ್ತಿದ್ದೆ. ಅವನು ಮುಂದೆ ಓದಿದ, ಮಾಸ್ತರನಾದ. ಭಾಲ್ಕಿಗೆ ಬಂದಾಗಲೆಲ್ಲ ನನಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದ. ಈಗ ಇದನ್ನು ಬರೆಯುತ್ತಿರುವುದೂ ಅವನು ತಿದ್ದಿಸಿದ ಅಕ್ಷರಗಳಲ್ಲೇ.

ಫೋಟೋಗ್ರಾಫರರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡೂ ಲೆನ್ಸುಗಳನ್ನು ತಂದು ನನ್ನ ಮುಂದಿಟ್ಟಳು.

"ಒಂದು ನೀವು ತಗೋರಿ ಅಕ್ಕಾರೆ, ಒಂದು ನನಗಿರ್ಲಿ. ಯಾವುದಾದ್ರೂ ನಡೀತದ. ಅವರ ಕೈ ಎರಡಕ್ಕೂ ಹತ್ತ್ಯದ."

ಒಂದು ದೊಡ್ಡದು, ಪಾವಿನಷ್ಟು ದಪ್ಪ. ಅದರ ಮೇಲೆ ನಾಲ್ಕು, ಒಂದು ಚುಕ್ಕಿ, ಐದು. ಇನ್ನೊಂದು ಸಣ್ಣದು, ಹಿತ್ತಾಳೆಯದು. ಅದರ ಮೇಲೆ ಬರೀ ಎಂಟು. ಇಂಗ್ಲೀಷ್ ಅಂಕಿಗಳ ಆಕಾರ ನನಗೆ ಗೊತ್ತಿತ್ತು. ಉರ್ದುವಿನಲ್ಲಿ ಚುಕ್ಕಿ ಎಂದರೆ ಸೊನ್ನೆ. ಬೀಬಿ ನಮಗೆ ಹಾಗೆಯೇ ಕಲಿಸಿದ್ದಳು. ಆದರೂ ಖಾತ್ರಿಗಾಗಿ ಆ ಹೆಣ್ಣುಮಗಳನ್ನು ಕೇಳಿದೆ. ಆಕೆಯೂ ಉರ್ದು ಓದಿದವಳೇ. ಬೆಳಕಿಗೆ ಹಿಡಿದು ನೋಡಿ, "ಚಾರ್ ಸೌ ಪಾಂಚ್," ಎಂದಳು. ನಾನೂರಾ ಐದು! ಅದರ ಮುಂದೆ ಎಂಟು ಎಷ್ಟು ಸಣ್ಣದು. ಹಿತ್ತಾಳೆಯದನ್ನು ಸೆರಗಿಗೆ ಕಟ್ಟಿಕೊಂಡು ಗೆದ್ದವಳಂತೆ ಮನೆಗೆ ಬಂದೆ.

ಮುಂದಿನ ರವಿವಾರ ತಮ್ಮ ಬಂದ. ಜೊತೆಗೆ ಅವನ ಸಾಲೆಯ ಇನ್ನೊಬ್ಬ ಮಾಸ್ತರರಿದ್ದರು. ಲೆನ್ಸು ಕೈಗೆ ತಗೊಂಡು ತಿರುಗಿಸಿದವನ ಮುಖ ಇಳಿಯಿತು.

"ಎಂಟಾ?"

ಜೊತೆಗಾರ ಮಾಸ್ತರರು ಬಗ್ಗಿ ನೋಡಿ ನಕ್ಕರು. "ಅಕ್ಕಾರು ಅಂಕಿ ನೋಡ್ಯಾರೋ, ಹಿತ್ತಾಳಿ ಹೊಳಪು ನೋಡ್ಯಾರೋ?"

ತಮ್ಮ ನಗಲಿಲ್ಲ. ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಬರೆದ. ನಾಲ್ಕು, ಒಂದು ಚುಕ್ಕಿ, ಐದು. "ಇನ್ನೊಂದರ ಮ್ಯಾಲ ಹಿಂಗ ಏನರೆ ಇತ್ತೇನಕ್ಕಾ? ಇದು ನಾಲ್ಕೂವರಿ. ಇಂಥಾದಿದ್ರ ಕೆಲಸ ಆಗ್ತಿತ್ತು."

ಮಣ್ಣಿನ ಮೇಲಿನ ಆ ಚುಕ್ಕಿಯನ್ನೇ ನೋಡುತ್ತ ನಿಂತೆ. ನಾಲ್ಕಾರು ಮನೆಗಳ ಆಚೆ ಅದು ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಆಕೆಗೆ ಎರಡೂ ಒಂದೇ ಎಂದು ಆಕೆಯೇ ಹೇಳಿದ್ದಳು. ಹೋಗಿ ಬದಲಿಸಿಕೊಂಡು ಬಂದಿದ್ದರೆ ಒಲೆಯ ಮೇಲಿನ ಚಹಾ ಉಕ್ಕುವುದರೊಳಗೆ ಮುಗಿಯುತ್ತಿತ್ತು. ಆದರೆ ಆ ಮಾಸ್ತರರು ಇನ್ನೂ ನಗುತ್ತಿದ್ದರು.

"ಇದ್ದಿದ್ದೇ ಇದೊಂದು," ಎಂದೆ. "ಇನ್ನೊಂದು ಯಾರೋ ಮೊದಲೇ ಒಯ್ದಾರಂತ."

"ಹೋಗ್ಲಿ ಬಿಡಕ್ಕಾ. ನೀ ಏನ್ ಮಾಡ್ತಿ," ಎಂದ ತಮ್ಮ. ಎಂಟನ್ನೇ ಚೀಲಕ್ಕೆ ಹಾಕಿಕೊಂಡು ಔರಾದದ ಬಸ್ಸಿಗೆ ಹೋದ.

ಅವರು ಹೋದ ಮೇಲೆ ನಾನೊಬ್ಬಳೇ ಇದ್ದಾಗಲಾದರೂ ಹೋಗಬಹುದಿತ್ತು. ಬದಲಿಸಿ ತಂದು, ಒಯ್ದವರು ವಾಪಸು ಕೊಟ್ಟರೆಂದು ಮತ್ತೊಂದು ಸುಳ್ಳು ಹೇಳಬಹುದಿತ್ತು. ನಾಳೆ, ನಾಳೆ ಎಂದುಕೊಂಡೆ. ಒಂದು ಮುಂಜಾನೆ ಬುರಖಾ ತೊಟ್ಟು, ಹಾಸಿಗೆಯ ಸುರುಳಿಗಳ ನಡುವೆ ಕೂತು ಆಕೆ ಟಾಂಗಾದಲ್ಲಿ ಸ್ಟೇಷನ್ನಿಗೆ ಹೊರಟಳು. ನನ್ನನ್ನು ಕಂಡು ಕೈಯೆತ್ತಿದಳು. ನಾನೂ ಎತ್ತಿದೆ. ಆಮೇಲೆ ರೈಲು ಕೂಗಿದ್ದು ಮನೆಯೊಳಗಿಂದ ಕೇಳಿಸಿತು.

ತಮ್ಮ ಔರಾದದ ಬಯಲಿನಲ್ಲಿ ಸಂಜೆ ಸಂಜೆ ಪ್ರಯತ್ನ ಮಾಡಿದ. ಸ್ವಲ್ಪ ಹೊತ್ತು ತೆರೆದಿಟ್ಟರೆ ಏನೂ ಮೂಡುತ್ತಿರಲಿಲ್ಲ. ಹೆಚ್ಚು ಹೊತ್ತು ಇಟ್ಟರೆ ಚುಕ್ಕಿಗಳೆಲ್ಲ ಉಗುರಿನಿಂದ ಗೀರಿದ ಹಾಗೆ ಗೆರೆಯಾಗಿ ಬರುತ್ತಿದ್ದವು. ಬಾಲದ ಚುಕ್ಕಿ ದಿನದಿನಕ್ಕೆ ಮಸುಕಾಗಿ ಒಂದು ಸಂಜೆ ಕಾಣದೇ ಹೋಯಿತು.

"ಕಾಚಿನ ತಪ್ಪಲ್ಲಕ್ಕಾ. ಎಂಟರಾಗೂ ಹಿಡಿಯೋರು ಹಿಡೀತಾರ. ನನ್ನ ಕೈಯಾಗ ಅದು ಇಲ್ಲ," ಎಂದ. ಕ್ಯಾಮೆರಾ ಸಾಲೆಯ ಕಪಾಟಿಗೆ ಹೋಯಿತು. ಲೆನ್ಸನ್ನು ನನಗೇ ತಂದುಕೊಟ್ಟ. ಆಮೇಲೆ ಅವನು ಯಾರ ಫೋಟೋವನ್ನೂ ತೆಗೆಯಲಿಲ್ಲ. ಅವನ ಹೆಂಡತಿಯದೂ ಇಲ್ಲ, ನನ್ನದೂ ಇಲ್ಲ.

ಅವನಿಗೆ ವಯಸ್ಸಾದ ಮೇಲೆ ಮೊಮ್ಮಗಳು ಒಂದು ಕ್ಯಾಮೆರಾ ಕೊಂಡಳು. ನಾನೂ ಔರಾದಕ್ಕೆ ಹೋಗಿದ್ದೆ. ರಾತ್ರಿ ಆಕಾಶಕ್ಕೆ ಯಾವ ಲೆನ್ಸು ಚಲೋ ಎಂದು ಆಕೆ ಅಜ್ಜನನ್ನು ಕೇಳಿದಳು. ಅವನು ಎದ್ದು ಕೂತ. ಕಣ್ಣಿನಲ್ಲಿ ಹಳೇ ಕಳೆ ಬಂತು.

"ಅಂಕಿ ಸಣ್ಣದಿದ್ದಷ್ಟು ಬಾಯಿ ದೊಡ್ಡದು. ಮರೀಬ್ಯಾಡ. ನನ್ನ ಕಾಲದಾಗ ಭಾಲ್ಕ್ಯಾಗ ಎಂಟರದ್ದೊಂದೇ ಸಿಕ್ಕಿತ್ತು. ಇನ್ನೊಂದು ಯಾರೋ ಮೊದಲೇ ಒಯ್ದಿದ್ರು." ಆಮೇಲೆ ನನ್ನ ಕಡೆ ತಿರುಗಿ, "ಹೌದಿಲ್ಲಕ್ಕಾ?" ಎಂದ.

ನನ್ನ ಮಾತಿಗೆ ನನ್ನನ್ನೇ ಸಾಕ್ಷಿ ಕರೆದಿದ್ದ.

"ಹೌದಪ್ಪಾ," ಎಂದೆ.

ಈಗ ಅವನಿಲ್ಲ. ನಾನು ಭಾಲ್ಕಿಯಲ್ಲಿ ಒಬ್ಬಳೇ ಇದ್ದೇನೆ. ಮೊಮ್ಮಗಳು ತೆಗೆದ ಆಕಾಶದ ಫೋಟೋ ನೋಡಿ ಯಾರಾದರೂ ಹೊಗಳಿದರೆ, ನಮ್ಮ ಅಜ್ಜನಿಗೆ ಸರಿಯಾದ ಲೆನ್ಸು ಸಿಗಲಿಲ್ಲ, ಭಾಲ್ಕಿಯಲ್ಲಿ ಇದ್ದದ್ದೇ ಒಂದು ಎಂದು ಆಕೆ ಹೇಳುತ್ತಾಳೆ. ಮುಂದಿನ ಸಲ ಬಂದಾಗ ಹಿತ್ತಾಳೆಯ ಲೆನ್ಸಿನ ಜೊತೆ ಈ ಬರಹವನ್ನೂ ಆಕೆಯ ಕೈಗೆ ಕೊಡುತ್ತೇನೆ. ಎರಡಿದ್ದವು, ಮಗಾ. ಎರಡೂ ನನ್ನ ಮುಂದೆಯೇ ಇದ್ದವು.