ಫಾರ್ಮಿನಲ್ಲಿ ಬರೆದ ನಂಬರು

ಆ ವರ್ಷ ನಾಲ್ಕು ತಿಂಗಳು ನಾನು ಬಲಗಡೆಯ ಹಲ್ಲುಗಳಲ್ಲೇ ಅಗಿದು ಊಟ ಮಾಡಿದೆ. ಎಡಗಡೆಯ ದವಡೆ ಹಲ್ಲು ಹುಳುಕಾಗಿ ರೂಟ್ ಕೆನಾಲ್ ಮಾಡಿಸಬೇಕಿತ್ತು. ಮುಂಬಯಿಯ ಪವಾಯಿಯ ಆಫೀಸಿನಲ್ಲಿ ದಿನವಿಡೀ ದುಡಿಯುತ್ತಿದ್ದವಳು ನಾನು. ಆದರೆ ನನ್ನ ಪಗಾರ ಹೋಗುತ್ತಿದ್ದುದು ನಮ್ಮ ಯಜಮಾನರ ಜೊತೆಗಿನ ಜಾಯಿಂಟ್ ಖಾತೆಗೆ, ಕಾರ್ಡು ಅವರ ಪಾಕೀಟಿನಲ್ಲಿ, ಬ್ಯಾಂಕಿನ ಮೆಸೇಜು ಅವರ ಮೊಬೈಲಿಗೆ. "ನಿನ್ನ ಪಗಾರ ಆತು ನೋಡು" ಎಂದು ತಿಂಗಳ ಕೊನೆಗೆ ಅವರೇ ನನಗೆ ತಿಳಿಸುತ್ತಿದ್ದರು. ಹಲ್ಲಿನ ಮಾತು ತೆಗೆದಾಗಲೆಲ್ಲ "ಮುಂದಿನ ತಿಂಗಳ ನೋಡೋಣಂತ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೇ ನಾಚಿಕೆಯಾಗಿತ್ತು.

ದೀಪಾವಳಿ ಬೋನಸ್ಸು ಬರುವ ತಿಂಗಳು ಅದು. ಆ ಹಣವನ್ನು ಬೆಳಗಾವಿಯಲ್ಲಿದ್ದ ಮೈದುನನ ಬೈಕಿಗೆ ಕೊಡುವುದಾಗಿ ಯಜಮಾನರು ಫೋನಿನಲ್ಲಿ ಒಪ್ಪಿಕೊಂಡದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮರುದಿನ ಗುರುವಾರ, ಊಟದ ವೇಳೆಯಲ್ಲಿ ಆಫೀಸಿನ ಪಕ್ಕದ ಬ್ಯಾಂಕಿಗೆ ಹೋಗಿ ನನ್ನೊಬ್ಬಳ ಹೆಸರಿನಲ್ಲಿ ಖಾತೆ ತೆಗೆದೆ. ಶುಕ್ರವಾರ ಸಂಜೆ ನಾಲ್ಕರೊಳಗೆ ಹೊಸ ಖಾತೆಯ ವಿವರ ಆಫೀಸಿಗೆ ಕೊಟ್ಟರೆ ಬೋನಸ್ಸು ಅಲ್ಲಿಗೆ ಬರುತ್ತಿತ್ತು. ತಪ್ಪಿದರೆ ಅದು ಬೈಕಿಗೆ.

ಸಂಜೆ ಗೋರೆಗಾಂವಿನ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಯಜಮಾನರು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು.

"ಇದೇನಿದು? ನಿನ್ನ ಹೆಸರಿಲೆ ಖಾತೆ ಓಪನ್ ಆಗೇತಿ ಅಂತ ನನಗ ಮೆಸೇಜ್ ಬಂದೈತಿ."

ಮೊಬೈಲ್ ನಂಬರಿನ ಜಾಗದಲ್ಲಿ ನಾನು ಅವರ ನಂಬರು ಬರೆದುಬಿಟ್ಟಿದ್ದೆ! ಗ್ಯಾಸಿಗೆ, ಮಗಳ ಶಾಲೆಗೆ, ದವಾಖಾನೆಗೆ, ಹನ್ನೊಂದು ವರ್ಷ ಯಾವ ಫಾರ್ಮು ಬಂದರೂ ನನ್ನ ಕೈ ಬರೆದದ್ದು ಅದೇ ನಂಬರು. ಕಳ್ಳತನವನ್ನೂ ನೆಟ್ಟಗೆ ಮಾಡಲು ಬಾರದ ದಡ್ಡಿ ಎಂದು ಬೈದುಕೊಂಡೆ. ನೋಡಿ, ನನ್ನದೇ ಪಗಾರ ತೆಗೆದುಕೊಳ್ಳುವುದಕ್ಕೆ ಆಗ ನಾನಿಟ್ಟ ಹೆಸರು ಕಳ್ಳತನ.

"ಇನ್ನ ಮ್ಯಾಲೆ ನನ್ನ ಪಗಾರ ಅದರಾಗ ಬರ್ತೈತ್ರಿ" ಎಂದೆ.

"ಯಾಕ? ನಾ ಏನ್ ಕುಡದು ಹಾಳ ಮಾಡೇನೇನು?"

"ನನ್ನ ಹಲ್ಲ ನೋಯ್ತೈತ್ರಿ."

ಅವರು ಟಿವಿ ಹಚ್ಚಿದರು.

ಅವರ ನಂಬರು ಇರುವತನಕ ಹೊಸ ಖಾತೆಯೂ ಅವರ ಕೈಯಲ್ಲೇ. ಶುಕ್ರವಾರ ಆಫೀಸಿನಿಂದ ಬಿಡುವು ಮಾಡಿಕೊಂಡು, ಅದನ್ನು ಬದಲಿಸಲು ಬ್ಯಾಂಕು ತಲುಪಿದಾಗ ಮೂರು ಹೊಡೆದಿತ್ತು. "ನಂಬರ್ ಚೇಂಜ್ ಕರ್ನಾ ಹೈ ತೋ ಪುರಾನೇ ನಂಬರ್ ಪೆ ಒಟಿಪಿ ಜಾಯೇಗಾ" ಎಂದಳು ಕೌಂಟರಿನ ಹುಡುಗಿ. ಯಜಮಾನರ ಮೊಬೈಲಿಗೆ ಬರುವ ಆರು ಅಂಕಿಗಳನ್ನು ನಾನು ಮೂರು ನಿಮಿಷದೊಳಗೆ ಹೇಳಬೇಕಿತ್ತು. ಫೋನು ಹಚ್ಚಿದೆ.

"ಒಟಿಪಿ ಬಂತೇನ್ರಿ?"

"ಬಂದೈತಿ."

"ಹೇಳ್ರಿ."

ಬರೆದುಕೊಳ್ಳಲು ಕೌಂಟರಿನ ಪೆನ್ನು ಕೈಗೆತ್ತಿಕೊಂಡೆ.

"ಮೊದಲ ಮನಿಗೆ ಬಾ. ಕುಂತು ಮಾತಾಡೋಣು" ಎಂದು ಫೋನಿಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಹುಡುಗಿ ಪರದೆ ನೋಡಿ, ಟೈಮ್ ಮುಗಿಯಿತು ಎಂಬಂತೆ ತಲೆಯಾಡಿಸಿದಳು.

"ಏ ಖಾತಾ ಬಂದ್ ಕರೋ. ದೂಸ್ರಾ ಫಾರ್ಮ್ ದೇವ್" ಎಂದು, ಆ ಖಾತೆ ಮುಚ್ಚಲು ಹೇಳಿ ಇನ್ನೊಂದು ಫಾರ್ಮು ಕೇಳಿದೆ.

ಅವಳು ಫಾರ್ಮಿನ ಜೊತೆ ಹೊಸ ಖಾತೆಯ ಕವರೊಂದನ್ನು ಕೊಟ್ಟಳು. ಖಾತೆಯ ಸಂಖ್ಯೆ ಅದರ ಮೇಲೆ ಮೊದಲೇ ಅಚ್ಚಾಗಿತ್ತು. ಹೆಸರು, ವಿಳಾಸ ಬರೆದೆ. ಮೊಬೈಲಿನ ಜಾಗಕ್ಕೆ ಬಂದಾಗ ಬೆರಳಿಗೆ ಅವರ ನಂಬರೇ ಬಂತು. ಪೆನ್ನು ಎತ್ತಿ ಹಿಡಿದೆ. ನನ್ನದು? ಒಂಬತ್ತು, ಎಂಟು... ಮುಂದಿನದು ಹೊಳೆಯಲಿಲ್ಲ. ಯಾರಿಗೂ ಕೊಟ್ಟಿರದ ನಂಬರು ನನಗಾದರೂ ಹೇಗೆ ಬಾಯಿಗೆ ಬರಬೇಕು? ಗಡಿಯಾರದಲ್ಲಿ ಮೂರೂವರೆ.

"ಮುಝೆ ಮೇರಾ ನಂಬರ್ ಮಾಲೂಮ್ ನಹೀ" ಎಂದೆ, ತಲೆ ತಗ್ಗಿಸಿ.

ಆ ಹುಡುಗಿ ನಗಲಿಲ್ಲ. ಕೌಂಟರಿನ ಫೋನಿಗೆ ನನ್ನಿಂದ ಮಿಸ್ಡ್ ಕಾಲ್ ಕೊಡಿಸಿ, ಅದರಲ್ಲಿ ಮೂಡಿದ ಹತ್ತು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಅದನ್ನು ನೋಡಿಕೊಂಡು ಒಂದೊಂದೇ ಅಂಕಿ ತುಂಬಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಖಾತೆಯ ವಿವರ ಆಫೀಸಿಗೆ ಮುಟ್ಟಿಸಿದೆ.

ಯಜಮಾನರು ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಆಫೀಸಿನಲ್ಲಿದ್ದಾಗ ನನ್ನ ಮೊಬೈಲು ಗುಂಯ್ ಎಂದಿತು. ಪಗಾರ, ಬೋನಸ್ಸು ಎರಡೂ ಬಂದಿದ್ದವು. ಕೂಡಲೇ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. ಹೆಸರು ಬರೆದುಕೊಂಡ ಹೆಂಗಸು ಮೊಬೈಲ್ ನಂಬರು ಕೇಳಿದಳು.

ಚೀಟಿ ನೋಡದೆ ಹೇಳಿದೆ.