ಬಸುರಿನ ಸಕ್ಕರೆ, ಬಸುರಿಯ ಹೊಟ್ಟೆಕಿಚ್ಚು

ಒಂದು ಕಾಲದಲ್ಲಿ ನನಗೆ ಕುರಿಯ ಮೇಲೂ ಹೊಟ್ಟೆಕಿಚ್ಚು ಇತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ನೀವು ಬಸುರಿಯಾಗಿ ಸಪ್ಪೆ ಮುದ್ದೆ ನುಂಗುತ್ತಿರುವಾಗ, ನಿಮ್ಮ ಅತ್ತೆ ಎದುರಿಗೇ ಕೂತು ಈದ ಕುರಿಯ ಬಾಯಿಗೆ ಬೆಲ್ಲ ಇಟ್ಟರೆ ನಿಮಗೂ ಹಾಗೇ ಆಗುತ್ತಿತ್ತು.

ಎಪ್ಪತ್ತರ ದಶಕದ ಮಾತಿದು. ತಮಿಳುನಾಡಿನ ಸೇಲಂ ಹತ್ತಿರದ ಓಮಲೂರಿನಿಂದ ಒಳಗೆ ನಮ್ಮ ಊರು, ಮನೆಮಾತು ಕನ್ನಡ. ನನ್ನ ಮೊದಲ ಕೂಸು ಮನೆಯಲ್ಲೇ ಹುಟ್ಟಿತ್ತು. ದಪ್ಪಗೆ, ನೋಡಿದವರು ಬೆರಗಾಗುವಷ್ಟು ದಪ್ಪಗಿತ್ತು, ಆದರೆ ಉಸಿರಿರಲಿಲ್ಲ. ಎರಡನೆಯ ಸಲ ಸೇಲಂನ ಡಾಕ್ಟರಮ್ಮ ಆ ದಪ್ಪದ ಸುದ್ದಿ ಕೇಳಿದ್ದೇ ಹುಬ್ಬು ಗಂಟಿಕ್ಕಿದರು. ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆಸಿ, ಲೋಟದ ತುಂಬ ಗ್ಲೂಕೋಸ್ ನೀರು ಕುಡಿಸಿ, ಮತ್ತೆ ಮತ್ತೆ ರಕ್ತ ತೆಗೆಸಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಆ ನೀರಿಗೆ ಓಕರಿಸುತ್ತಿದ್ದಳು. ನಾನು ಮಾತ್ರ ಮದುವೆಮನೆಯ ಪಾಯಸದ ಹಾಗೆ ಕುಡಿದು ಮುಗಿಸಿದೆ. ಹೆರಿಗೆಯ ತನಕ ನನ್ನ ಪಾಲಿಗೆ ಬಂದ ಸಿಹಿ ಅದೊಂದೇ ಎಂದು ಆಗ ಗೊತ್ತಿರಲಿಲ್ಲ.

ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದೆ ಎಂದರು. ಮನೆಯಲ್ಲೂ ನೋಡಿಕೊಳ್ಳಲು ಗಾಜಿನ ಕೊಳವೆ, ಸ್ಪಿರಿಟ್ ದೀಪ, ಒಂದು ಶೀಸೆ ನೀಲಿ ಔಷಧಿ ಕೊಟ್ಟರು. ಔಷಧಿಗೆ ನಾಲ್ಕು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಒಳ್ಳೆಯದು, ಹಸಿರಾದರೆ ಎಚ್ಚರ, ಇಟ್ಟಿಗೆಯ ಕೆಂಪಾದರೆ ಮೊದಲ ಬಸ್ಸಿಗೇ ಸೇಲಂ. ಅಡುಗೆಮನೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲವೆಂದು ಅತ್ತೆ ಅಪ್ಪಣೆ ಮಾಡಿದ್ದರಿಂದ ನನ್ನ ಗಂಡ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಇಕ್ಕಳದಲ್ಲಿ ಕೊಳವೆ ಹಿಡಿದು ಕಾಯಿಸುತ್ತಿದ್ದರು. ಹಸಿರು ಕಂಡರೆ ನನ್ನ ಮುಖ ನೋಡುತ್ತಿರಲಿಲ್ಲ, ಎಮ್ಮೆಯ ಮುಖ ನೋಡುತ್ತಿದ್ದರು.

ಈಗ ಮಾದಮ್ಮನ ವಿಷಯಕ್ಕೆ ಬರುತ್ತೇನೆ. ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳೂ ಬಸುರಿ, ನನಗಿಂತ ಮೂರು ತಿಂಗಳು ಕಡಿಮೆ. ಅವಳಿಗೆ ಯಾವ ಸಕ್ಕರೆಯೂ ಇಲ್ಲ. ಅದು ಸೇಲಂ ಮಾವಿನ ಕಾಲ, ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣು ಮಲಗಿ ಮನೆಯೆಲ್ಲ ಘಮಘಮ. ಬಸುರಿಯ ಬಯಕೆ ತಡೆಯಬಾರದೆಂದು ಅತ್ತೆ ಅವಳಿಗೆ ಹಣ್ಣಿನ ಮೇಲೆ ಹಣ್ಣು ಕೊಡುತ್ತಿದ್ದರು. ಅವಳೋ ಬಲು ಒಳ್ಳೆಯವಳು. ನನಗೆ ಕಾಣಬಾರದೆಂದು ಹಿತ್ತಿಲಿಗೆ ಹೋಗಿ ತಿನ್ನುತ್ತಿದ್ದಳು. ಆ ಒಳ್ಳೆಯತನವೇ ನನ್ನನ್ನು ಇನ್ನಷ್ಟು ಉರಿಸುತ್ತಿತ್ತು. ಎದುರಿಗೇ ತಿಂದಿದ್ದರೆ ಬೈಯುವುದಕ್ಕಾದರೂ ಒಂದು ದಾರಿಯಿರುತ್ತಿತ್ತು.

ಕೊಳವೆಗಳಿಲ್ಲದ ಕಾಲದಲ್ಲಿ ನಮ್ಮ ಹಿಂದಿನ ವೈದ್ಯರು ಮೂತ್ರಕ್ಕೆ ಇರುವೆ ಮುತ್ತಿತೇ ಎಂದು ನೋಡಿ ಮಧುಮೇಹ ಗುರುತಿಸುತ್ತಿದ್ದರಂತೆ. ನಮ್ಮ ಬಚ್ಚಲ ಕಡೆ ನಾನೂ ಇರುವೆ ಸಾಲು ಕಂಡೆ. ನಾನು ತಿನ್ನಬಾರದ ಸಕ್ಕರೆ ನನ್ನ ಮೈಯಿಂದಲೇ ಹೊರಟು ಇರುವೆಯ ಪಾಲಾಗುತ್ತಿದೆಯಲ್ಲ ಎಂದು ಇರುವೆಗಳ ಮೇಲೂ ಕರುಬಿದೆ. ಒಂದು ಚೂರು ಬೆಲ್ಲವನ್ನೂ ಕದಿಯಲಿಲ್ಲ ಎನ್ನುವುದೊಂದೇ ನನ್ನ ಹೆಚ್ಚುಗಾರಿಕೆ. ಉಸಿರಿಲ್ಲದ ಆ ಮೊದಲ ಕೂಸಿನ ಮುಖ ನೆನಪಾಗಿ ಕೈ ಹಿಂದೆ ಬರುತ್ತಿತ್ತು.

ಸೇಲಂ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು, ಅಳುತ್ತಲೇ ಹುಟ್ಟಿದಳು. ಸ್ವಲ್ಪ ಹೊತ್ತಿಗೆ ಅಳು ಸಣ್ಣಗಾಗಿ ಕೈಕಾಲು ನಡುಗತೊಡಗಿತು. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಮಗುವಿಗೆ ಹುಟ್ಟಿದ ಮೇಲೆ ಇಳಿದುಬಿಡುತ್ತದಂತೆ. ನರ್ಸಮ್ಮ ಗ್ಲೂಕೋಸ್ ನೀರಿನ ಬಟ್ಟಲು, ಚಮಚ ಅತ್ತೆಯ ಕೈಗಿಟ್ಟು, ಈಗಲೇ ಕುಡಿಸಿ ಎಂದು ತಮಿಳಿನಲ್ಲಿ ಹೇಳಿ, ಡಾಕ್ಟರಮ್ಮನನ್ನು ಕರೆಯಲು ಹೋದರು.

ಅತ್ತೆ ಕುಡಿಸಲಿಲ್ಲ. ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಬಾಗಿಲ ಕಡೆ ನೋಡುತ್ತ ಕೂತರು. ನಮ್ಮ ಕಡೆ ಹುಟ್ಟಿದ ಮಗುವಿನ ನಾಲಿಗೆಗೆ ಮೊದಲ ಸಿಹಿ ಯಾರು ಮುಟ್ಟಿಸುತ್ತಾರೋ ಅವರ ಗುಣವೇ ಮಗುವಿಗೆ ಬರುತ್ತದೆಂದು ನಂಬಿಕೆ. ಅದಕ್ಕೆ ಒಳ್ಳೆಯವರನ್ನು ಹುಡುಕುತ್ತಾರೆ. ಅತ್ತೆ ಹುಡುಕಿಟ್ಟಿದ್ದದ್ದು ಮಾದಮ್ಮನನ್ನು. ಅವಳಿನ್ನೂ ಬಸ್ಸಿನಲ್ಲಿದ್ದಳು.

"ವಸಿ ತಡಿಯವ್ವ, ಮಾದಮ್ಮ ಬತ್ತಾವ್ಳೆ. ನಿನ್ ಒಟ್ಟೆಕಿಚ್ಚು ಮಗೀಗೆ ಬ್ಯಾಡ," ಎಂದರು.

ಅಂದರೆ ಅವರಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಷ್ಟು ತಿಂಗಳಿನ ಉರಿಯೆಲ್ಲ ಒಮ್ಮೆಗೇ ಮೇಲೆದ್ದಿತು. ಮಾವು ಅವಳಿಗೆ, ಬೆಲ್ಲ ಕುರಿಗೆ, ಈಗ ನನ್ನ ಮಗುವಿನ ಬಾಯಿಯೂ ಅವಳಿಗೇ? ಎದ್ದು ಕೂತು, ಅತ್ತೆಯ ಸೆರಗಿನಡಿಯಿಂದ ಬಟ್ಟಲು ಕಿತ್ತುಕೊಂಡು ಮಗಳ ತುಟಿಗೆ ಚಮಚ ಇಟ್ಟೆ. ಎರಡನೆಯ ಚಮಚಕ್ಕೆ ಅವಳು ಚೀಪಿದಳು. ನಿಧಾನವಾಗಿ ನಡುಕ ನಿಂತಿತು.

"ಇನ್ನೇನೈತೆ, ನಿನ್ ಗುಣಾನೇ ಬತ್ತದೆ," ಎಂದು ಅತ್ತೆ ಮೂಗು ಮುರಿದರು.

ಬಂದಿತು. ನನ್ನ ಮಗಳು ಪಕ್ಕದವರ ಎಲೆಗೆ ದೊಡ್ಡ ಹೋಳಿಗೆ ಬಿದ್ದರೆ ಊಟ ಬಿಟ್ಟು ಏಳುವವಳು. ಮಾದಮ್ಮನ ಮಗನ ಹೊಸ ಅಂಗಿ ನೋಡಿ ಮೂರು ದಿನ ಮಾತುಬಿಟ್ಟವಳು. ಪ್ರತಿ ಸಲವೂ ಅತ್ತೆ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಹೊಟ್ಟೆಕಿಚ್ಚು ಪಡುವುದಕ್ಕೂ ಮನುಷ್ಯ ಮೊದಲು ಬದುಕಿರಬೇಕಲ್ಲ.